ಕ್ಯಾಪ್ಟನ್ ನಾದಿಟ್ಟ ಹಿಟ್ಟು

ಗಂಡನ ಉಗುರಿನ ಸಂದಿಯಲ್ಲಿ ಒಣಗಿದ್ದ ಮೈದಾವನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ, ಯುವಕ ಸಂಘದ ಬೇಕರಿಯ ಭಟ್ಟಿಯವನು ಬಾಗಿಲಲ್ಲಿ ಬಂದು ನಿಂತ. ಅತ್ತು ಅತ್ತು ಅವನ ಕಣ್ಣುಗಳು ಊದಿಕೊಂಡಿದ್ದವು.

"ಅತ್ತಿಗೆ, ಈ ಹೊತ್ತಲ್ಲಿ ಕೇಳಬಾರ್ದು. ರಾತ್ರಿ ಅಣ್ಣ ನಾದಿಟ್ಟ ಹಿಟ್ಟು ಹಂಗೇ ಇದೆ. ಯಾರೂ ಕೈ ಹಾಕೋಕೆ ಒಪ್ತಿಲ್ಲ. ಹೂತುಬಿಡೋಣ ಅಂತಿದಾರೆ."

"ಇವತ್ತು ಹೂಳೋದು ಒಂದು ಸಾಲದಾ?" ಎಂದಳು.

ತಮ್ಮನ ತಲೆಯ ಬಳಿ ಕೂತಿದ್ದ ಗಂಡನ ಅಕ್ಕ ಸಿಡುಕಿದಳು. "ಹೆಣ ಮನೇಲಿರುವಾಗ ಬ್ರೆಡ್ಡಿನ ಮಾತಾ? ಒಂದು ದಿನ ಮುಚ್ಚಿದ್ರೆ ಸಂಘದ ಗಂಟೇನು ಹೋಗುತ್ತೆ?"

"ಶಾಲೆ ಮಕ್ಕಳು ಬೆಳಗ್ಗೆ ಅದನ್ನೇ ತಿನ್ನೋದು ಅಕ್ಕ," ಎಂದ ಭಟ್ಟಿಯವನು, ನೆಲ ನೋಡುತ್ತ.

*

ಒಂದು ಕಾಲಕ್ಕೆ ಆ ಸಂಘವೆಂದರೆ ಹರಕು ವಾಲಿಬಾಲ್ ನೆಟ್ಟು, ಒಂದು ಕೇರಂ ಬೋರ್ಡು, ಉಂಡಾಡಿ ಗುಂಡರ ಹಿಂಡು. ಅವಳ ಗಂಡ ಅವರ ಕ್ಯಾಪ್ಟನ್. ಹೆಣ್ಣು ಕೊಡಲು ಅವಳಪ್ಪ ಹಿಂದೆಮುಂದೆ ನೋಡಿದ್ದು ಅದಕ್ಕೇ. ಮದುವೆಯಾದ ಹೊಸತರಲ್ಲಿ ಪಟ್ಟಣಕ್ಕೆ ಹೋಗಿ ಕಸುಬು ಕಲಿತು ಬಂದು, ಸಂಘದ ಕೋಣೆಯಲ್ಲೇ ಭಟ್ಟಿ ಕಟ್ಟಿಸಿದ. ದುಡಿದವರಿಗೆ ಸಂಬಳ, ಉಳಿದ ಲಾಭದಲ್ಲಿ ಶಾಲೆಗೆ ಪುಕ್ಕಟೆ ಬ್ರೆಡ್ಡು ಎಂದು ಕಟ್ಟುಪಾಡು ಮಾಡಿದ. ಮೊದಲ ಬ್ರೆಡ್ಡು ಕಲ್ಲಾಗಿತ್ತು. "ಇದನ್ನ ಸರ್ವ್ ಮಾಡಿದ್ರೆ ಎದುರು ಟೀಮು ಆಸ್ಪತ್ರೆಗೇ," ಎಂದು ಹುಡುಗರು ಬಿದ್ದು ಬಿದ್ದು ನಕ್ಕಿದ್ದರು.

ಆಮೇಲೆ ಅವನು ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದೇ ಇಲ್ಲ.

"ನೀವು ಕಟ್ಟಿಕೊಂಡಿದ್ದು ನನ್ನನ್ನಾ, ಆ ಹಿಟ್ಟನ್ನಾ?" ಎಂದು ಅವಳು ರೇಗುವಳು.

"ನೀನು ಕಾಯ್ತೀಯ ಮಾರಾಯ್ತಿ. ಹಿಟ್ಟು ಕಾಯಲ್ಲ."

ನಿನ್ನೆ ಅವಳು ಕಾಯಲಿಲ್ಲ. ಮುನಿಸಿಕೊಂಡು ಮಲಗಿದವಳಿಗೆ ನಿದ್ದೆ ಹತ್ತಿತ್ತು. ಅವನು ಯಾವಾಗ ಬಂದ, ಪಕ್ಕದಲ್ಲೇ ಅವನ ಎದೆಬಡಿತ ಯಾವಾಗ ನಿಂತಿತು, ಒಂದೂ ತಿಳಿಯಲಿಲ್ಲ. ಬೆಳಗ್ಗೆ ಮುಟ್ಟಿದಾಗ ಕೈ ತಣ್ಣಗಿತ್ತು.

*

ಅವಳು ಬಟ್ಟೆ ಹಿಂಡಿಟ್ಟು ಎದ್ದಳು.

"ಎಲ್ಲಿಗೆ?" ಗಂಡನ ಅಕ್ಕ ಗಾಬರಿಯಾದಳು.

"ಇಷ್ಟು ವರ್ಷ ನಾನು ಕಾದೆ. ಇವತ್ತೊಂದು ದಿನ ನಿಮ್ಮ ತಮ್ಮ ಕಾಯಲಿ."

ಬೇಕರಿಯಲ್ಲಿ ಹುಡುಗರು ಗೋಡೆಗೊರಗಿ ನಿಂತಿದ್ದರು. ತೊಟ್ಟಿಯ ಅಂಚು ಮೀರಿ ಹಿಟ್ಟು ಉಬ್ಬಿತ್ತು. ಅವನ ಬೆರಳ ಗುರುತು ಎಲ್ಲಾದರೂ ಉಳಿದಿದೆಯೇ ಎಂದು ಅವಳು ಬಗ್ಗಿ ಹುಡುಕಿದಳು. ಎಲ್ಲ ನುಣ್ಣಗಾಗಿತ್ತು.

"ಗುದ್ದಿ ಗಾಳಿ ತೆಗೀಬೇಕು ಅತ್ತಿಗೆ," ಎಂದು ಭಟ್ಟಿಯವನು ಮುಖ ತಿರುಗಿಸಿಕೊಂಡ.

ಅವಳು ಎರಡೂ ಮುಷ್ಟಿ ಇಳಿಸಿದಳು. ಹಿಟ್ಟು ಮೆಲ್ಲಗೆ ಕುಸಿಯಿತು. ಒಳಗೆ ಸೇರಿದ್ದ ಗಾಳಿ ಬುಸ್ಸೆಂದು ಹೊರಬಂದು, ಬೆಚ್ಚಗೆ, ಅವಳ ಕೆನ್ನೆಗೆ ತಾಗಿತು. ಅವಳು ಮುಖ ಎತ್ತಲಿಲ್ಲ.