ಇಪ್ಪತ್ತಮೂರನೇ ಬಾಟಲಿ

"ಇಷ್ಟು ಉಚ್ಚೆ ಹೊಯ್ಯೋಕೆ ಎಷ್ಟು ಹೊತ್ತೇ, ಬಾಯಿಬಡುಕಿ? ಒಳಗೆ ಬಾವಿ ತೋಡ್ತಿದ್ದೀಯಾ?"

ಶೆಡ್ಡಿನಲ್ಲಿ ಹಾಜರಿ ಬರೆಯುವ ರೈಟರ್ ಕಕ್ಕಸಿನ ತಗಡಿನ ಬಾಗಿಲಿಗೆ ಒದ್ದ. ನಾನು ಒಳಗೆ ಕುಕ್ಕರುಗಾಲಲ್ಲಿ ಕೂತು ಪುಟ್ಟ ಬಾಟಲಿ ಹಿಡಿದಿದ್ದೆ.

"ಮನೇಲಿ ನಿನ್ನ ಹೆಂಡ್ತೀನೂ ಹೀಗೇ ಬಾಗಿಲು ಒದ್ದು ಕರೀತೀಯೇನೋ, ಬೇವರ್ಸಿ?" ಎಂದೆ. ಹೊರಗೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕೆಂದರು.

ಒಂದು ಹನಿ ಚೆಲ್ಲದಂತೆ ಮುಚ್ಚಳ ಬಿಗಿದೆ. ಚೀಟಿಯಲ್ಲಿ ಇಪ್ಪತ್ತಮೂರು ಎಂದಿತ್ತು. ಈ ಪರೀಕ್ಷೆಗಾಗಿ ಮೂರು ತಿಂಗಳು ಆಫೀಸಿನ ಮೆಟ್ಟಿಲು ಸವೆಸಿದವಳು ನಾನು.

ನಮ್ಮದು ಶೇಂಗಾ ಆರಿಸುವ ಕೆಲಸ. ಬೆಲ್ಟಿನ ಮೇಲೆ ಕಾಳು ಹರಿದು ಬರುತ್ತದೆ. ಕಪ್ಪಾದದ್ದು, ಮುರುಟಿದ್ದು, ಹಸಿರು ಬೂಷ್ಟು ಹಿಡಿದದ್ದು ನಮ್ಮ ಕೈಗೆ ಸಿಗಬೇಕು. ಫ್ಯಾನು ತಿರುಗಿದರೆ ಆ ಹಸಿರು ಪುಡಿಯೆಲ್ಲ ನಮ್ಮ ಮೂಗಿಗೆ. ಆರು ವರ್ಷ ನನ್ನ ಎಡಕ್ಕೆ ಕೂತು ಕಾಳು ಆರಿಸಿದ ತಂಗಿ ಈಗ ಮನೆಯಲ್ಲಿ ಮಲಗಿದ್ದಾಳೆ. ಕಣ್ಣು ಹಳದಿ, ಹೊಟ್ಟೆ ಉಬ್ಬಿದೆ. ಬೂಷ್ಟಿನ ವಿಷ ಲಿವರಿಗೆ ಇಳಿದಿರಬಹುದು ಎಂದರು ಆಸ್ಪತ್ರೆಯ ಡಾಕ್ಟರು. ಜೊತೆಗೆ ಕೆಲಸ ಮಾಡುವವರ ಉಚ್ಚೆಯಲ್ಲೂ ಅದೇ ವಿಷ ಸಿಕ್ಕರೆ ಶೆಡ್ಡಿನದೇ ತಪ್ಪು, ಆಗ ಅವಳ ಚಿಕಿತ್ಸೆ ಕಂಪನಿಯೇ ಮಾಡಿಸಬೇಕು ಎಂದೂ ಹೇಳಿದ್ದರು.

ಬಾಟಲಿ ಇಸಿದುಕೊಂಡ ನರ್ಸು ನಕ್ಕಳು. "ಹೆದರ್ಬೇಡಮ್ಮಾ. ಇದೆಲ್ಲ ನಿಮ್ಮ ಒಳ್ಳೇದಕ್ಕೇ."

ಮ್ಯಾನೇಜರ್ ಕೂಡ ಅಂದು ದೇವರಂತೆ ಕಂಡಿದ್ದ. ಸತ್ತವರ ಮನೆಗೆ ಹೋಗಲು ಅರ್ಧ ದಿನ ಬಿಡದವನು, ಯಂತ್ರ ರಿಪೇರಿ ಎಂದು ನಮಗೆಲ್ಲ ನಾಲ್ಕು ದಿನ ಸಂಬಳದ ರಜೆ ಕೊಟ್ಟಿದ್ದ. ರಜೆ ಮುಗಿಸಿ ಬಂದ ಬೆಳಿಗ್ಗೆಯೇ ಬಾಟಲಿ ಹಂಚಿದ್ದರು. ಅವನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ರಜೆಯ ಹಿಂದಿನ ಸಂಜೆ ನಮ್ಮ ಮೇಸ್ತ್ರಿ ಅಕ್ಕ ನನ್ನನ್ನು ಗೋಡೆಯ ಮರೆಗೆ ಕರೆದಿದ್ದಳು. ನನಗೂ ತಂಗಿಗೂ ಕೈ ಹಿಡಿದು ಕೆಲಸ ಕಲಿಸಿದವಳು ಅವಳೇ. ಆರಿಸಿ ಬಿಸಾಡಿದ ಕಾಳಿನ ಚೀಲವೊಂದನ್ನು ಕೈಗಿಟ್ಟಳು. "ಎಸೆಯೋದೇ ತಾನೇ ಕೂಸೇ. ಹಸಿರು ಒರೆಸಿ ಹುರ್ಕೋ, ವಿಷ ಎಲ್ಲ ಸುಟ್ಟುಹೋಗುತ್ತೆ. ತಂಗಿಗೂ ಸ್ವಲ್ಪ ತಿನ್ನಿಸು, ಶಕ್ತಿ ಬರುತ್ತೆ."

ಒರೆಸಿದೆ, ಹುರಿದೆ. ನಾಲ್ಕು ದಿನ ನಾನೂ ತಿಂದೆ, ತಂಗಿಯ ಬಾಯಿಗೂ ಇಟ್ಟೆ.

ಹದಿನೈದು ದಿನ ಬಿಟ್ಟು ಆಫೀಸಿಗೆ ಕರೆದರು. ಮ್ಯಾನೇಜರ್ ಗಾಜಿನ ಲೋಟದಲ್ಲಿ ಟೀ ಕುಡಿದು ಮುಗಿಸುತ್ತಿದ್ದ. ಪಕ್ಕದಲ್ಲಿ ನರ್ಸು ಕೂತಿದ್ದಳು. ಗೋಡೆಗೆ ಒರಗಿ ಅಕ್ಕ ನಿಂತಿದ್ದಳು.

"ಮೂವತ್ತೊಂದು ಜನರದ್ದು ಶುದ್ಧವಾಗಿದೆ. ನಿನ್ನೊಬ್ಬಳದ್ರಲ್ಲೇ ವಿಷ," ಎಂದ ಮ್ಯಾನೇಜರ್.

"ಅಂದ್ರೆ ನನ್ನ ತಂಗಿಗೆ..."

"ಶೆಡ್ಡಲ್ಲಿ ವಿಷ ಇದ್ದಿದ್ರೆ ಎಲ್ಲರ ಮೈಯಲ್ಲೂ ಇರ್ತಿತ್ತು. ನೀನು ಮೊದಲಿಂದ್ಲೂ ಕಂಪನಿ ಕಾಳು ಕದ್ದು ಮನೇಲಿ ತಿಂತಿದ್ದೀಯ. ತಂಗಿಗೂ ನೀನೇ ತಿನ್ನಿಸಿದ್ದೀಯ. ನಿನ್ನ ಉಚ್ಚೇನೇ ಸಾಕ್ಷಿ. ತಪ್ಪೊಪ್ಪಿಗೆಗೆ ಸೈನ್ ಹಾಕು."

ನಾನು ನರ್ಸಿನ ಕಡೆ ತಿರುಗಿದೆ. "ಎಲ್ಲರೂ ಒಂದೇ ಧೂಳು ಕುಡಿಯೋರು ಕಣಮ್ಮಾ. ಅವರದ್ದು ಹೇಗೆ ಶುದ್ಧ?"

"ಅದು ಎರಡು ಮೂರು ದಿನದಲ್ಲಿ ಉಚ್ಚೇಲಿ ಹೋಗಿಬಿಡುತ್ತೆ. ನಿಮಗೆ ನಾಲ್ಕು ದಿನ ರಜೆ ಇತ್ತಲ್ವಾ..."

ಮ್ಯಾನೇಜರ್ ಕೆಮ್ಮಿದ.

ಆಗ ತಿಳಿಯಿತು. ಪಾತ್ರೆ ತೊಳೆದು ಬೋರಲು ಹಾಕುವಂತೆ ನಮ್ಮನ್ನು ನಾಲ್ಕು ದಿನ ಮನೆಯಲ್ಲಿ ಕೂರಿಸಿ, ಆಮೇಲೆ ಬಾಟಲಿ ಕೊಟ್ಟಿದ್ದರು. ಆ ನಾಲ್ಕು ದಿನಕ್ಕೆಂದೇ ನನ್ನೊಬ್ಬಳ ಕೈಗೆ ಚೀಲ ಇಟ್ಟಿದ್ದರು.

"ಅಕ್ಕಾ, ಚೀಲ ಕೊಟ್ಟಿದ್ದು ನೀನಲ್ವಾ? ಹೇಳು ಇವರಿಗೆ."

ಅಕ್ಕ ನೆಲ ನೋಡಿದಳು. "ನಾನ್ಯಾಕೆ ಕೊಡ್ಲಿ? ನಂಗೇನೂ ಗೊತ್ತಿಲ್ಲಮ್ಮಾ."

ಹನ್ನೊಂದು ವರ್ಷ ಕೂಸೇ ಎನ್ನುತ್ತಿದ್ದವಳಿಗೆ ಅಂದು ನಾನು ಅಮ್ಮಾ ಆಗಿದ್ದೆ. ಮ್ಯಾನೇಜರ್ ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತಂಗಿ ಬೇಡ ಎಂದರೂ ಒಂದೊಂದೇ ಕಾಳಿನ ಸಿಪ್ಪೆ ಬಿಡಿಸಿ ತಿನ್ನಿಸಿದ ನನ್ನ ಕೈ ನೋಡಿಕೊಂಡೆ.

"ಇವತ್ತು ಉಚ್ಚೆ ಹಿಡೀರಿ," ಎಂದೆ. "ಬೆಳಿಗ್ಗೆಯಿಂದ ಬೆಲ್ಟಿನ ಮುಂದೆ ಕೂತಿದ್ದೀವಿ. ಎಲ್ಲರದ್ದೂ ಹಿಡೀರಿ."

"ಬಾಟ್ಲಿ ಮುಗಿದಿದೆ," ಎಂದಳು ನರ್ಸು.

"ಸೈನ್ ಹಾಕಿ ತೊಲಗೇ, ಕಳ್ಳ ಮುಂಡೆ," ಎಂದ ಮ್ಯಾನೇಜರ್.

ಅವನ ಲೋಟ ಎತ್ತಿಕೊಂಡೆ. ಆಫೀಸಿನದೇ ಒಂದು ಕಕ್ಕಸಿದೆ, ಬಿಳಿ ಕಲ್ಲು, ಸೋಪು, ಕನ್ನಡಿ ಎಲ್ಲ ಉಂಟು. ನಮ್ಮಂಥವರು ಅದರೊಳಗೆ ಕಾಲಿಡುವಂತಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಮ್ಯಾನೇಜರ್ ಬಾಗಿಲು ಬಡಿದ. ನಾನು ಅವಸರ ಮಾಡಲಿಲ್ಲ.

ಹೊರಗೆ ಬಂದು ಲೋಟವನ್ನು ಅವನ ಮೇಜಿನ ಮೇಲೆ, ರಿಪೋರ್ಟಿನ ನಟ್ಟನಡುವೆ ಇಟ್ಟೆ.

"ಚೀಲ ಖಾಲಿಯಾಗಿ ಹದಿನೈದು ದಿನ ಆಯ್ತು. ಆಮೇಲೆ ಮನೇಲಿ ಒಂದು ಕಾಳೂ ತಿಂದಿಲ್ಲ. ಇದರಲ್ಲಿ ಏನಿದ್ರೂ ಅದು ನಿಮ್ಮ ಶೆಡ್ಡಿಂದೇ. ಇನ್ನೂ ಬಿಸಿ ಇದೆ. ಪರೀಕ್ಷೆ ಮಾಡ್ಸಿ."

ಮ್ಯಾನೇಜರ್ ಹಿಂದಕ್ಕೆ ಸರಿದು ನಿಂತ. "ಏನು ನೋಡ್ತಾ ನಿಂತಿದ್ದೀಯ? ಚೆಲ್ಲು ಅದನ್ನ," ಎಂದು ಅಕ್ಕನ ಮೇಲೆ ಹರಿಹಾಯ್ದ.

ಅಕ್ಕ ಬಂದು ಲೋಟ ಹಿಡಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಅವಳ ಉಗುರಿನ ಸಂದಿಯಲ್ಲೂ ನನ್ನ ಉಗುರಿನ ಸಂದಿಯಲ್ಲೂ ಅದೇ ಹಸಿರು ಇತ್ತು. ಅವಳು ಅದನ್ನೇ ನೋಡುತ್ತಾ ನಿಂತಳು. ಲೋಟ ಬಿಡಲಿಲ್ಲ, ಚೆಲ್ಲಲೂ ಇಲ್ಲ. ನಾನೂ ಕೈ ಬಿಡಲಿಲ್ಲ.