ತವರಿಲ್ಲದವರ ಕುಂಚಿಗಿ

ಕುಂಚಿಗಿ ಹೊಲಿಯುವುದು ನನಗೆ ಕಸುಬಲ್ಲ, ಚಟ. ಕೆಲವರಿಗೆ ಎಲೆ ಅಡಿಕೆ ಇದ್ದ ಹಾಗೆ. ಕೂಸಿನ ತಲೆಗೆ ಟೊಪ್ಪಿಗೆಯಾಗಿ ಕೂತು, ಬೆನ್ನ ಮೇಲೆ ಸೆರಗಿನಂತೆ ಇಳಿದು, ಗದ್ದದ ಕೆಳಗೆ ಲಾಡಿ ಕಟ್ಟಿದರೆ ನಿಲ್ಲುವ ಬಟ್ಟೆ ಅದು. ಮೇಲೆ ಖಣ, ಒಳಗೆ ಮೆತ್ತಗಿನ ಹಳೆ ಬಟ್ಟೆಯ ಅಸ್ತರು, ಅಂಚಿಗೆ ಗೊಂಡೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾಯಿಯ ತವರಿನವರು ಇದನ್ನು ತರಬೇಕು. ಬಂಗಾರ ತರದಿದ್ದರೂ ನಡೆದೀತು. ಕುಂಚಿಗಿ ತರದಿದ್ದರೆ ಆ ಹೆಣ್ಣಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತಲೇ ಲೆಕ್ಕ.

ಮಗಳು ಮೀನಾಕ್ಷಿಯನ್ನು ಸಿರುಗುಪ್ಪಕ್ಕೆ ಮದುವೆ ಮಾಡಿ ಕೊಟ್ಟ ವರ್ಷವೇ ಮೊದಲನೆಯದನ್ನು ಹೊಲಿದೆ. ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಹೊಲಿಯುತ್ತ ಕೂತರೆ ನಮ್ಮ ಮನೆಯವರು ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಕೂಸು ಬರಲಿಲ್ಲ. ಇನ್ನೊಂದು ಹೊಲಿದೆ. ಆಗಲೂ ಬರಲಿಲ್ಲ. ಟ್ರಂಕಿನಲ್ಲಿ ಕುಂಚಿಗಿ ಮಾತ್ರ ಬೆಳೆಯುತ್ತ ಹೋದವು. ಒಂದು ದಿನ ಅವರು ತಮ್ಮ ಧೋತರ ತಂದು ನನ್ನ ಮುಂದೆ ಹಾಕಿದರು.

"ಇದನ್ನ ಅಸ್ತರಿಗೆ ಹಾಕು. ಮೊಮ್ಮಗ ನನ್ನ ತೊಡಿ ಮ್ಯಾಲ ಕುಂತಂಗ ಇರ್ತೈತಿ."

"ಇನ್ನೂ ಗಟ್ಟಿ ಐತಲ್ರಿ. ನೀವ ಉಟ್ಕೊಳ್ರಿ."

"ನಾ ಉಟ್ಟು ಯಾರಿಗೆ ತೋರಿಸಬೇಕಾಗೈತಿ? ನಿನಗಾ?"

ಹರಿದು ಅಸ್ತರು ಮಾಡಿದೆ. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನಮ್ಮಲ್ಲಿಲ್ಲ. ಆದರೆ ರಾತ್ರಿ ಸಾಲಿಗೆ ಹೋಗಿ ನಾಲ್ಕಕ್ಷರ ಕಲಿತಿದ್ದೆನಲ್ಲ, ಅಸ್ತರಿನ ಮೂಲೆಯಲ್ಲಿ ಕೆಂಪು ದಾರದಿಂದ ‘ಕೊಟ್ರಬಸಪ್ಪ’ ಅಂತ ಹೊಲಿದೆ. ಒತ್ತಕ್ಷರ ಸೊಟ್ಟಗೆ ಬಂತು. ಅವರು ಅದನ್ನು ಬೆಳಕಿಗೆ ಹಿಡಿದು ಓದಿ, "ಅಂತೂ ನನ್ನ ಹೆಸರ ಹಿಡಿದ್ಯಲ್ಲ" ಎಂದು ನಕ್ಕರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಬಂಧುಗಳು ಎಲ್ಲವನ್ನೂ ಕೊಟ್ಟುಬಿಟ್ಟರು. ಅವರದು ಅಂತ ಉಳಿದದ್ದು ಆ ಅಸ್ತರು ಒಂದೇ.

ಒಂದು ಪಂಚಮಿಗೆ ಮೀನಾಕ್ಷಿ ಬಂದಾಗ ಟ್ರಂಕು ತೆರೆದಿತ್ತು. ಅವಳು ನೋಡಿದಳು. ಮುಖ ಕಪ್ಪಾಯಿತು.

"ಇವನ್ನ ಯಾಕ ಕಾಯ್ಕೊಂಡು ಕುಂತೀಬೇ? ಅಲ್ಲಿ ಅತ್ತಿ ಬಾಯಿ, ಇಲ್ಲಿ ನಿನ್ನ ಟ್ರಂಕು. ಎರಡೂ ಒಂದ ಮಾತು ಅಂತಾವ ನನಗ. ಯಾರಿಗಾದ್ರೂ ಕೊಡು, ಇಲ್ಲಾ ಒಲಿಗೆ ಹಾಕು. ನಾ ಮತ್ತ ಬರೋದ್ರಾಗ ಇವು ಈ ಮನ್ಯಾಗ ಇರಬಾರದು."

ಒಲೆಗೆ ಹಾಕಲು ಕೈ ಬರಲಿಲ್ಲ. ನನ್ನ ತಂಗಿಯ ಮಗಳು ಸರೋಜಾ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. ಅವಳಿಗೆ ಕೆಲವನ್ನು ಕೊಟ್ಟೆ. ಮೊಮ್ಮಕ್ಕಳಿದ್ದೂ ಹೊಲಿಗೆ ಬಾರದ ಅಜ್ಜಿಯರು ಕೊಂಡಾರು ಅಂತ ನನ್ನ ಅಂದಾಜು. ಹದಿನೈದು ದಿನ ಕಳೆದಿರಲಿಲ್ಲ, ಸರೋಜಾಳ ಫೋನು ಬಂತು.

"ದೊಡ್ಡವ್ವ, ಇನ್ನೂ ಇದ್ರ ಕಳಸು. ಅಜ್ಜಿ-ಗಿಜ್ಜಿ ಯಾರೂ ಕೊಳ್ಳವಲ್ರು. ಬಸರಿ ಹೆಂಗಸ್ರು ತಾವ ಬಂದು ಒಯ್ಯಾಕತ್ತಾರ."

"ತಾವ ಯಾಕ ಒಯ್ತಾರ? ತವರಿನವರು ತರಬೇಕಲ್ಲ."

"ತವರಿದ್ರ ಯಾಕ ಒಯ್ತಾರ ದೊಡ್ಡವ್ವ? ತವರಿಂದ ಬಂತು ಅಂತ ಹೇಳಾಕ ಒಯ್ತಾರ."

ಹೀಗೂ ಗಿರಾಕಿಗಳು ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮನಸ್ಸಿಗೆ ಬಂದವನ ಜೊತೆ ಹೋದವರು, ತಾಯಿ ಸತ್ತು ಅಣ್ಣಂದಿರು ಬಾಗಿಲು ಹಾಕಿಕೊಂಡವರು, ಆಸ್ತಿಯಲ್ಲಿ ಪಾಲು ಕೇಳಿ ಊರು ಬಿಟ್ಟವರು. ಬಳೆ ನೋಡುವ ಹಾಗೆ ನೋಡುತ್ತ ನಿಂತು, ಅಂಗಡಿ ಖಾಲಿಯಾದ ಮೇಲೆ ಕೇಳುತ್ತಿದ್ದರಂತೆ. ಅಂಗಡಿಯ ಹೆಸರಿದ್ದ ಕವರು ಬೇಡ ಅನ್ನುತ್ತಿದ್ದರಂತೆ. ನಾನು ಮತ್ತೆ ಹೊಲಿಯಲು ಕೂತೆ. ಮಗಳಿಗೆ ಬೇಡವಾದದ್ದು ಇಷ್ಟು ಮಂದಿಗೆ ಬೇಕಾಯಿತಲ್ಲ ಅಂತ ಒಳಗೊಳಗೇ ಹಿಗ್ಗಿದೆ ಕೂಡ.

ಅನುಷಾ ಮಾತ್ರ ಸರೋಜಾಳನ್ನು ಕೇಳಿಕೊಂಡು ನೇರ ಕುರುಗೋಡಿಗೇ ಬಂದಳು. ತುಂಬು ಬಸುರಿ, ಬಸ್ಸಿನ ಧೂಳು ಮುಖದ ಮೇಲೆ ಹಾಗೇ ಇತ್ತು. ಮೋಕ ಊರಿನ ಹುಡುಗಿ. ಬೇರೆ ಜಾತಿಯ ಹುಲುಗೇಶನನ್ನು ಮದುವೆಯಾಗಿದ್ದಳು. ಅವನು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಕೆಲಸದವನು. ಇವಳ ಅಪ್ಪ, ನನಗೆ ಮಗಳೇ ಹುಟ್ಟಿಲ್ಲ ಅಂದುಬಿಟ್ಟಿದ್ದನಂತೆ.

ಟ್ರಂಕು ತೆಗೆದು ತೋರಿಸಿದೆ. ಎಲ್ಲವನ್ನೂ ಸರಿಸಿ ತಳದಲ್ಲಿದ್ದ ಧೋತರದ್ದನ್ನೇ ಎತ್ತಿಕೊಂಡಳು.

"ಇದನ್ನ ಕೊಡ್ರಿ ಅಜ್ಜಿ."

"ಅದು ಕೊಡೋದಲ್ಲವ್ವ. ಬ್ಯಾರೆ ನೋಡು."

"ಬ್ಯಾರೇವು ಹೊಸಾವ ಕಾಣ್ತಾವ. ನಮ್ಮ ಅತ್ತಿ ಒಳಗ ಹೊಳ್ಳಿಸಿ ನೋಡ್ತಾಳ್ರಿ. ಅಂಗಡಿದು ಅಂತ ಗೊತ್ತಾದ್ರ ಮುಗೀತು. ನಮ್ಮವ್ವನ ಅವ್ವ ಕದ್ದುಮುಚ್ಚಿ ಕಳಿಸ್ಯಾಳ ಅಂತ ಹೇಳ್ತೀನಿ. ಇದಕ್ಕ ಮನಿ ವಾಸನಿ ಐತಿ."

ಅದನ್ನು ಮೂಗಿಗೆ ಹಿಡಿದುಕೊಂಡು ಅಳಲು ಶುರು ಮಾಡಿದಳು. ಮೀನಾಕ್ಷಿ ಬರುವುದರೊಳಗೆ ಇವು ಮನೆಯಲ್ಲಿ ಇರಬಾರದಿತ್ತು. ಟ್ರಂಕಿನಲ್ಲಿ ಹುಳ ತಿನ್ನುವುದಕ್ಕಿಂತ ಒಂದು ಕೂಸಿನ ತಲೆಯ ಮೇಲೆ ಇರಲಿ, ಅವರಿದ್ದಿದ್ದರೂ ಅದನ್ನೇ ಹೇಳುತ್ತಿದ್ದರು ಅಂದುಕೊಂಡೆ. ಕೊಟ್ಟೆ. ಉಳಿದವಕ್ಕೆ ಹೇಳುವಷ್ಟೇ ಬೆಲೆ ಹೇಳಿದೆ, ಅವಳು ಕೊಟ್ಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮೀನಾಕ್ಷಿಯ ಫೋನು ಬಂತು. ದನಿಯೇ ಬೇರೆ ಇತ್ತು.

"ಯವ್ವಾ, ಮೂರು ತುಂಬ್ಯಾವ. ಡಾಕ್ಟ್ರು ಯಾರಿಗೂ ಹೇಳಬ್ಯಾಡ ಅಂದಿದ್ರು, ಅದಕ್ಕ ಹೇಳಿದ್ದಿಲ್ಲ."

ನಾನು ಗೋಡೆಗೆ ಒರಗಿ ಕೂತೆ. ಅವಳು ಮಾತು ನಿಲ್ಲಿಸಲಿಲ್ಲ.

"ತಿರುಗಾಡಾಂಗಿಲ್ಲಂತ, ಸೀಮಂತದ ಕುಬಸನೂ ಇಲ್ಲೇ, ತೊಟ್ಲಾನೂ ಇಲ್ಲೇ. ಅಪ್ಪನ ಧೋತರದ್ದು ಐತಲ್ಲಬೇ? ನಾ ಅವತ್ತು ಸಿಟ್ಟಿನಾಗ ಅಂದೆ. ನೀ ಅದನ್ನ ಕೊಟ್ಟಿರಾಕಿಲ್ಲ, ನನಗ ಗೊತ್ತೈತಿ. ಅದೊಂದು ತಾ, ಬ್ಯಾರೆ ಏನೂ ತರಬ್ಯಾಡ. ನನ್ನ ಕೂಸಿಗೆ ಅಪ್ಪನ ಕಡಿಂದ ಅಷ್ಟಾದ್ರೂ ಇರ್ಲಿ."

"ಐತಿ ತಗೋ" ಅಂದೆ. ತಿರುಗಿ ತಂದುಕೊಂಡರಾಯಿತು ಅನ್ನುವ ಧೈರ್ಯದ ಮೇಲೆ ಅಂದೆ.

ಮಾರನೆಯ ದಿನವೇ ಎರಡು ಹೊಸ ಕುಂಚಿಗಿ ಚೀಲಕ್ಕೆ ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತಿದೆ. ಸರೋಜಾ ಹೇಳಿದ ಗಲ್ಲಿಯಲ್ಲಿ ಗಟಾರಿನ ನೀರು ಜೀನ್ಸಿನ ಬಣ್ಣದಿಂದ ನೀಲಿಯಾಗಿತ್ತು. ಬಾಗಿಲಲ್ಲೇ ಒಬ್ಬ ಹೆಂಗಸು ಕಾಲು ಚಾಚಿ ಕೂತು ಕೂಸನ್ನು ಆಡಿಸುತ್ತಿದ್ದಳು. ಕೂಸಿನ ತಲೆಯ ಮೇಲೆ ನನ್ನ ಕುಂಚಿಗಿ.

"ಯಾರು ಬೇಕ್ರಿ?"

"ಅನುಷಾ ಅಂತ... ನಾನು ಕುರುಗೋಡಿನಾಕಿ."

ಆಕೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಓಹೋ! ಬರ್ರಿ, ಬರ್ರಿ. ಅಂತೂ ಬೀಗರು ಬಾಗಿಲ ತನಕ ಬಂದ್ರಪ್ಪಾ! ಲೇ ಅನುಷಾ, ನಿಮ್ಮಜ್ಜಿ ಬಂದಾಳ ನೋಡಲೇ! ನಾನು ಉಚ್ಚೆಂಗೆಮ್ಮ ಅಂತರಿ, ಹುಲುಗೇಶನ ತಾಯಿ. ನಮ್ಮ ಮನಿ ಚಾ ಕುಡೀತೀರೋ, ಜಾತಿ ಕೆಡ್ತೈತೋ?"

"ಕುಡೀತೀನವ್ವ" ಅಂದೆ.

ಅಡುಗೆ ಮನೆಯಿಂದ ಬಂದ ಅನುಷಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಉಚ್ಚೆಂಗೆಮ್ಮ ಕೂಸಿನ ಬೆನ್ನ ಮೇಲಿನ ಬಟ್ಟೆಯನ್ನು ಹೊರಳಿಸಿ ಕೆಂಪು ಅಕ್ಷರದ ಮೇಲೆ ಬೆರಳಿಟ್ಟಳು.

"ಇದು ನಿಮ್ಮನಿಯವರ ಹೆಸರೇನು?"

"ಹೌದು."

"ಅದಾರೇನ್ರಿ?"

"ಇಲ್ಲ. ತೀರ್ಕೊಂಡ್ರು. ಇದು ಅವರ ಧೋತರ."

"ನೋಡ್ರಿ ಮತ್ತ!" ಉಚ್ಚೆಂಗೆಮ್ಮನ ದನಿ ಇಳಿಯಿತು. "ನಿಮ್ಮ ಅಳಿಯ, ಮಗಳು ಕಲ್ಲಿನಂಥೋರಿದ್ರೂ ನಿಮಗರೆ ಕರುಳು ಐತಿ. ನಾ ಈ ಹುಡುಗಿಗೆ ಭಾಳ ಅಂದೀನಿ. ನಿನಗ ಹೇಳೋರಿಲ್ಲ ಕೇಳೋರಿಲ್ಲ, ದಾರಿ ಮ್ಯಾಲಿಂದ ಬಂದಾಕಿ ಅಂದೀನಿ. ಇದು ಬಂದ ಮ್ಯಾಲ ಬಿಟ್ಟೀನಿ. ಓಣಿ ಹೆಂಗಸ್ರಿಗೆಲ್ಲಾ ಹೆಸರ ತೋರಿಸಿ ಬಂದೀನಿ."

ಇದರಲ್ಲಿ ನಾನು ಒಂದು ಸುಳ್ಳನ್ನೂ ಹೇಳಲಿಲ್ಲ. ಆಕೆ ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆ, ಪ್ರತಿ ನಿಜವೂ ಆ ಬಟ್ಟೆಯನ್ನು ನನ್ನಿಂದ ಇನ್ನಷ್ಟು ದೂರ ತಳ್ಳಿತು.

ಚಹಾ ಲೋಟ ತಿರುಗಿ ಕೊಡುವ ನೆಪದಲ್ಲಿ ಒಳಗೆ ಹೋದೆ. ಅನುಷಾ ಕೈ ಹಿಡಿದುಕೊಂಡಳು. ಯಾಕೆ ಬಂದೆನೆಂದು ಹೇಳಿದೆ. ಚೀಲದಿಂದ ಹೊಸವನ್ನು ತೆಗೆದು ಅವಳ ಮುಂದೆ ಇಟ್ಟೆ.

"ಎರಡೂ ಇಟ್ಕೊ. ನಿನ್ನ ರೊಕ್ಕನೂ ತಂದೀನಿ. ನನ್ನ ಮಗಳಿಗೆ ಅದ ಬೇಕು ಅಂತಾಳವ್ವ. ಅವರಪ್ಪಂದು."

"ಅಜ್ಜಿ, ಅದನ್ನ ಒಯ್ದ್ರ ನಾ ಈ ಮನ್ಯಾಗ ಹೆಂಗ ಇರ್ಲಿ? ಕೊಟ್ಟಿದ್ದು ತಿರುಗಿ ಒಯ್ಯೋ ತವರು ಎಲ್ಲೈತ್ರಿ? ನಿಮ್ಮ ಮಗಳಿಗೆ ನೀವ ಅದೀರಿ. ನನಗ ಅದೊಂದ ಐತಿ."

ಹೊರಗೆ ಉಚ್ಚೆಂಗೆಮ್ಮ ಕೂಸಿಗೆ, "ನಿಮ್ಮಜ್ಜಿ ಬಂದಾಳ ನೋಡೋ ಕಳ್ಳಾ" ಅನ್ನುತ್ತಿದ್ದಳು. ಇದು ನಾನು ಮಾರಿದ್ದು ಅಂತ ಆಕೆಗೆ ಒಂದು ಮಾತು ಅಂದಿದ್ದರೆ ಸಾಕಿತ್ತು, ಬಟ್ಟೆ ನನ್ನ ಕೈಗೆ ಬರುತ್ತಿತ್ತು. ಆ ಮಾತು ಬಾಯಿಗೆ ಬಂದಿತ್ತು ಕೂಡ. ಅದನ್ನು ಆಡದೆ ನಾನು ಹೊಸವನ್ನು ಚೀಲಕ್ಕೆ ಹಾಕಿಕೊಂಡೆ.

"ಕೂಸು ದೊಡ್ಡದಾದ ಮ್ಯಾಲ ಕೊಡವ್ವ."

"ಕೊಡ್ತೀನಜ್ಜಿ, ಆಣಿ ಮಾಡ್ತೀನಿ."

ಹೊರಡುವಾಗ ಉಚ್ಚೆಂಗೆಮ್ಮ ಬರಿಗೈಯಲ್ಲಿ ಕಳಿಸಲಿಲ್ಲ. ಅಕ್ಕಿ, ಉತ್ತತ್ತಿ, ಒಂದು ಹೊಸ ಟವೆಲ್ಲು ಚೀಲಕ್ಕೆ ಹಾಕಿ, "ಬರ್ತಿರ್ರಿ, ಈಗ ನಮ್ಮ ನಿಮ್ಮ ಮನಿ ಒಂದ" ಅಂದಳು.

ಮೀನಾಕ್ಷಿಗೆ ಹೇಳಲಿಲ್ಲ. ಬಿ.ಪಿ. ಏರಬಾರದು ಅಂದಿದ್ದರು. ಫೋನಿನಲ್ಲಿ ಅವಳು, ಅದನ್ನು ಒಂದು ಸಲ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸು, ಸೋಪು ಹಾಕಬೇಡ ಅನ್ನುವಳು. ಹೂಂ ಅನ್ನುತ್ತಿದ್ದೆ. ಹೆರಿಗೆಯ ದಿನ ಹತ್ತಿರ ಬಂದಾಗ ಅನುಷಾಗೆ ಫೋನು ಮಾಡಿಸಿದೆ. ಉಚ್ಚೆಂಗೆಮ್ಮ ಅದನ್ನು ಒಗೆದು, ಡಾಂಬರು ಗುಳಿಗೆ ಹಾಕಿ, ಮುಂದಿನ ಕೂಸಿಗೆ ಅಂತ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡಿದ್ದಳಂತೆ.

ಮೀನಾಕ್ಷಿಗೆ ಗಂಡು ಕೂಸಾಯಿತು. ತೊಟ್ಟಿಲ ದಿನ ಹಸಿರು ಖಣದ ಹೊಸದೊಂದನ್ನು ಹೊಲಿದುಕೊಂಡು ಸಿರುಗುಪ್ಪಕ್ಕೆ ಹೋದೆ. ಪಡಸಾಲೆಯಲ್ಲಿ ಮಂದಿ ಕೂಡುತ್ತಿದ್ದರು. ಒಳಕೋಣೆಯಲ್ಲಿ ಮೀನಾಕ್ಷಿ ಹಾಸಿಗೆಯ ಮೇಲಿಂದಲೇ ಕೈ ಚಾಚಿದಳು. ಅವಳ ಕೈಯಲ್ಲಿಟ್ಟೆ. ಅವಳು ತಕ್ಷಣ ಒಳಗೆ ಹೊರಳಿಸಿ ನೋಡಿದಳು.

"ಇದಲ್ಲ."

ಎಲ್ಲವನ್ನೂ ಹೇಳಿದೆ. ಅನುಷಾ ಅತ್ತದ್ದು, ನಾನು ತರಲು ಹೋದದ್ದು, ಚಹಾ ಕುಡಿದದ್ದು.

"ಕೇಳಿದಾಗ ಐತಿ ಅಂದಿ."

"ತಂದೇನು ಅಂತ ಅಂದ್ನವ್ವ."

"ಬಾಯಿ ಬಿಟ್ಟಿದ್ರ ಸಿಗ್ತಿತ್ತು."

"ಆ ಹುಡುಗಿ ಬದುಕು ಹಾಳಾಗ್ತಿತ್ತು."

"ನನ್ನಪ್ಪನ್ನ ಮಾರಿ ಯಾರದೋ ಬದುಕು ಮಾಡಿ ಬಂದೀ." ಹಸಿರು ಕುಂಚಿಗಿಯನ್ನು ಮಡಚಿ, ನನ್ನ ಚೀಲದ ಬಾಯಿ ತೆಗೆದು, ಒಳಗೆ ಹಾಕಿದಳು. "ಅಲ್ಲೇ ಅಜ್ಜಿ ಆಗೀಯಲ್ಲ, ಅಲ್ಲೇ ಆಗು. ಇಲ್ಲಿ ಬ್ಯಾಡ."

ತೊಟ್ಟಿಲಿಗೆ ಹಾಕುವ ಹೊತ್ತಿಗೆ ಬೀಗತಿ ಎಲ್ಲರ ಮುಂದೆ ಕೇಳಿದಳು. "ತವರಿನ ಕುಂಚಿಗಿ ಎಲ್ರಿ?"

"ನಮ್ಮವ್ವಗ ವಯಸ್ಸಾತು. ಮರ್ತು ಬಂದಾಳ" ಅಂದಳು ಮೀನಾಕ್ಷಿ. ಚೀಲ ನನ್ನ ಕಂಕುಳಲ್ಲಿತ್ತು. ಕೂಸಿಗೆ ಅಂಗಡಿಯ ಉಲನ್ ಟೊಪ್ಪಿಗೆ ಹಾಕಿ ತೊಟ್ಟಿಲಿಗೆ ಇಟ್ಟರು. ನಾನು ಊಟ ಮಾಡಿ ಬಸ್ಸಿಗೆ ಬಂದೆ.

ಆಮೇಲೆ ಅವಳು ನನ್ನ ಫೋನು ಎತ್ತಲಿಲ್ಲ. ನಾನು ಹೊಲಿಯುವುದನ್ನು ಬಿಡಲಿಲ್ಲ, ಕೈ ಸುಮ್ಮನಿರುವುದಿಲ್ಲ. ಹೊಲಿದದ್ದನ್ನು ಸರೋಜಾಗೆ ಕಳಿಸುತ್ತಿದ್ದೆ. ಹೋದ ವಾರ ಅವಳ ಫೋನು ಬಂತು. ಹೇಳಲೋ ಬೇಡವೋ ಅಂತ ಮೊದಲು ಬಳೆ, ಬಿಸಿಲು, ಕರೆಂಟು ಎಲ್ಲ ಮಾತಾಡಿದಳು.

"ದೊಡ್ಡವ್ವ, ಮೀನಾಕ್ಷಿ ಬಂದಿದ್ಳು ಅಂಗಡಿಗೆ. ನಿನಗ ಹೇಳಬ್ಯಾಡ ಅಂದಾಳ. ಕೂಸಿನ್ನ ಮನಿದೇವ್ರಿಗೆ ಕರಕೊಂಡು ಹೊಂಟಾರಂತ. ತವರಿನ ಕುಂಚಿಗಿ ಇಲ್ದಂಗ ದೇವ್ರ ಮುಂದ ಹೆಂಗ ಒಯ್ಯೋದು ಅಂತ ಅತ್ತಿ ಹಠ ಹಿಡದಾಳಂತ. ಒಂದು ಆರಿಸಿ, ಬೆಲಿ ಎಷ್ಟು ಅಂದ್ಳು. ಏ ಹುಚ್ಚಿ, ನಿಮ್ಮವ್ವ ಹೊಲದದ್ದಕ್ಕ ನಿನಗೆಂಥಾ ಬೆಲಿ ಅಂದೆ. ಹಂಗಾದ್ರ ಬ್ಯಾಡ ಅಂತ ತಿರುಗಿ ನಡದ್ಳು. ಏನ್ ಮಾಡ್ಲಿ, ರೊಕ್ಕ ಇಸ್ಕೊಂಡೆ."

"ಅತ್ತಿಗೆ ಏನ್ ಹೇಳ್ತಾಳಂತ?"

"ತವರಿಂದ ಬಂತು ಅಂತೀನಿ ಅಂದ್ಳು."

ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಆಮೇಲೆ ಕೇಳಿದೆ.

"ಯಾವುದು ಒಯ್ದ್ಳು?"

"ನೀಲಿ ಖಣದ್ದು."

"ಅದರ ಲಾಡಿ ಗಿಡ್ಡ ಐತಿ ಸರೋಜಾ. ಕೂಸು ಮೈ ತುಂಬಿಕೊಂಡಿದ್ರ ಕುತಿಗಿಗೆ ಒತ್ತೈತಿ. ಬಿಚ್ಚಿ ಉದ್ದ ಮಾಡ್ಕೋಬೇಕು."

"ಹೆಂಗ ಹೇಳ್ಲಿ? ನಿನಗ ಗೊತ್ತಾಗೈತಿ ಅಂತ ತಿಳೀತೈತಲ್ಲ."

"ನನ್ನ ಹೆಸರ ತಗೀಬ್ಯಾಡ" ಅಂದೆ. "ಅಂಗಡಿಯಾಕಿ ಹೇಳ್ದಂಗ ಹೇಳು. ಕೊಂಡವರಿಗೆಲ್ಲಾ ಹೇಳ್ತೀಯಲ್ಲ, ಹಂಗ."