ಎರಡನೇ ನಂಬರಿನ ಬಿಲ್ಲೆ

ಹಗ್ಗದ ಎರಡನೆಯ ಸುತ್ತು ಬಿಗಿಯುವಾಗ ಚಟ್ಟದ ಹಸಿ ಬಿದಿರು ಸೀಳಿತು.

“ಗಟ್ಟಿದು ತರ್ರಿ ಅಂತ ಬಡ್ಕೊಂಡೆ. ಬೇಲಿ ಕಡ್ಡಿ ಹಿಡ್ಕೊಂಡು ಬಂದಾರ,” ಎಂದು ಪಾಂಡುರಂಗ ರೇಗಿದ. ಸತ್ತ ವೈಜಿನಾಥನಿಗೆ ಅವನು ಚಿಕ್ಕಪ್ಪನ ಮಗ. ಬೆಳಗಿನ ಬಸ್ಸಿಗೆ ಮೋರಖಂಡಿಯಿಂದ ಬಂದವನು. ಬಂದಾಗಿನಿಂದ ಯಾವುದೂ ಅವನ ಮನಸ್ಸಿಗೆ ಬಂದಿರಲಿಲ್ಲ.

“ತಡೀತದ ಬಿಡ್ರಿ,” ಎಂದ ದವಾಖಾನೆಯ ಕಂಪೌಂಡರ್ ಖಾಜಾ. “ಸಾಹೇಬ್ರದು ಭಾರ ಎಲ್ಲಿ ಉಳದದ? ಮೂರು ತಿಂಗಳಾತು, ಬರೇ ಅಂಗಿ ಮಲಗಿದಾಂಗ ಮಲಗಿದ್ರು.”

ವೈಜಿನಾಥನ ಕೈಯಡಿ ಕೆಲಸ ಕಲಿತ ದಿಗಂಬರ ಸೀಳಿದ ಜಾಗಕ್ಕೆ ಹುರಿ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದ. ಗಂಟು ಸಡಿಲವಾಯಿತೇನೋ ಅನ್ನಿಸಿತು. ಬಿಚ್ಚಿ ಮತ್ತೆ ಹಾಕಿದ. ಮೂವತ್ತೆಂಟು ವರ್ಷದ ಅವನಿಗೆ ಯಾವ ಕೆಲಸವೂ ಒಂದೇ ಸಲಕ್ಕೆ ಸರಿಹೋಯಿತು ಎಂಬ ಧೈರ್ಯ ಬರುತ್ತಿರಲಿಲ್ಲ.

ಹುಮನಾಬಾದಿನ ಅಡತ ಬಜಾರಿನ ಹಿಂದಿನ ಆ ಓಣಿಯಲ್ಲಿ ಜನ ತುಂಬಿದ್ದರು. ಡಾಕ್ಟರ್ ಮಹಾರುದ್ರಪ್ಪನವರ ದವಾಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಎಕ್ಸ್-ರೇ ತೆಗೆದವನು ವೈಜಿನಾಥ. ಹಳ್ಳಿಯವರು ಅದನ್ನು ಎಲುಬಿನ ಫೋಟೋ ಅನ್ನುತ್ತಿದ್ದರು, ಅವನನ್ನು ಫೋಟೋ ಉಸ್ತಾದ. ರಕ್ತ ಹುಟ್ಟುವುದೇ ನಿಂತುಹೋಗಿದೆ ಎಂದು ಸೋಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು.

“ನನ್ನ ಟೊಂಕ ಮುರದಾಗ ಮನಿಯಾವ್ರ ಮುಟ್ಟಾಕ ಹೆದರಿದ್ರು,” ಎಂದು ಗೋಡೆಗೆ ಒರಗಿದ್ದ ಮುದುಕಿ ಅಂಬುಬಾಯಿ ಹೇಳುತ್ತಿದ್ದಳು. “ಈತ ಕೂಸಿನಂಗ ಎತ್ತಿ ಮೇಜಿನ ಮ್ಯಾಲೆ ಮಲಗಿಸ್ದ. ಅಲ್ಲಾಡಬಾರದಂತ ಕಾಲು ತಾನ ಹಿಡ್ಕೊಂಡು ನಿಂತ. ಸುಳ್ಳು, ಕಪಟ ಅನ್ನೂದು ಗೊತ್ತಿಲ್ಲದ ಮನುಷ್ಯಾ ನೋಡವ್ವ.”

“ನಿಮ್ಮ ಟೊಂಕ ಒಂದ ಏನ್ರಿ, ಹುಮನಾಬಾದ್ ಕಲ್ಯಾಣ ಎರಡೂ ತಾಲೂಕಿನ ಎಲುಬು ನೋಡ್ಯಾರ ಅವರು,” ಎಂದ ಖಾಜಾ. “ನಮ್ಮ ತಹಶೀಲ್ದಾರ ಒಳಗ ಹ್ಯಾಂಗ ಅದಾರ ಅನ್ನೂದು ಅವರೊಬ್ಬರಿಗೇ ಗೊತ್ತಿತ್ತು.”

ಯಾರೋ ನಕ್ಕರು, ಕೂಡಲೇ ಬಾಯಿಗೆ ಟವೆಲು ಒತ್ತಿಕೊಂಡರು.

ವೈಜಿನಾಥನಿಗೆ ಮಕ್ಕಳಿರಲಿಲ್ಲ. ಬೆಂಕಿ ಹಿಡಿಯುವವನು ದಿಗಂಬರ ಎಂದು ಹೆಂಡತಿ ಗಯಾಬಾಯಿ ಬೆಳಗ್ಗೆಯೇ ಎಲ್ಲರ ಮುಂದೆ ಹೇಳಿದ್ದಳು. ರಕ್ತ ಸಂಬಂಧದವನು ತಾನಿರುವಾಗ ಹೊರಗಿನವನು ಯಾಕೆ ಎಂದು ಪಾಂಡುರಂಗ ಮುಖ ಊದಿಸಿಕೊಂಡಿದ್ದ. ದಿಗಂಬರನಿಗೆ ಮಾತ್ರ ಅದರಲ್ಲಿ ಅನುಮಾನವಿರಲಿಲ್ಲ. ಹದಿನಾರು ವರ್ಷ ಅವನು ವೈಜಿನಾಥನನ್ನು ಅಣ್ಣ ಎಂದೇ ಕರೆದಿದ್ದ, ಈ ಮೂರು ತಿಂಗಳು ಹೊತ್ತು ಬಚ್ಚಲಿಗೆ ಒಯ್ದಿದ್ದ.

ಗಯಾಬಾಯಿ ಬಾಗಿಲಿಗೆ ಬಂದು ಕರೆದಳು. “ದಿಗಂಬರ, ಜರಾ ಒಳಗ ಬಾ.”

ಒಳಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆ ಬಾಗಿಲು ಸರಿಸಿ ಅಂಗೈ ಬಿಚ್ಚಿದಳು. ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ಒಂದು ಬಿಲ್ಲೆ. ಮೇಲೆ ಒಂದು ಎಂಬ ಅಂಕಿ.

“ಇದು ಯಾರದು?”

“ಅಣ್ಣಂದು. ಒಂದನೇ ನಂಬರ್. ಈಗ ಯಾಕ ವೈನಿ?”

“ನೀ ಕೆಲಸಕ್ಕ ಬಂದ ಮ್ಯಾಲೆ ನಾಕು ವರ್ಷ ಇದು ಇಲ್ಲೇ ಇತ್ತು. ದೇವರ ಗೂಡಿನಾಗ. ದಿನಾ ಮುಂಜಾನೆ ಇಲ್ಲಿಟ್ಟು ಹೋಗ್ತಿದ್ರು. ತಿಂಗಳ ಕಡಿಗೆ ಒಯ್ದು ಬೊಂಬಾಯಿಗೆ ಕಳಸ್ತಿದ್ರು.”

“ಇಲ್ರಿ ವೈನಿ. ಅವರ ಎದಿ ಮ್ಯಾಲೆ ದಿನಾ ಬಿಲ್ಲೆ ಇರ್ತಿತ್ತು. ನಾ ನೋಡೇನಿ.”

ಗಯಾಬಾಯಿ ಬಿಲ್ಲೆಯನ್ನು ಅಂಗೈಯಲ್ಲಿ ಬೋರಲು ಹಾಕಿದಳು.

*

ಸಂಜೆ ಶಾಲೆಯಲ್ಲಿ ಓದಿ ಎರಡನೇ ಸಲಕ್ಕೆ ಮೆಟ್ರಿಕ್ ಮುಗಿಸಿದ್ದ ದಿಗಂಬರನನ್ನು ಅರವತ್ತಾರನೆಯ ಇಸವಿಯಲ್ಲಿ ದವಾಖಾನೆಗೆ ಕರೆತಂದವನು ವೈಜಿನಾಥನೇ. ಫಿಲ್ಮು ತೊಳೆಯುವ ಕತ್ತಲೆ ಕೋಣೆಯಲ್ಲಿ ಮೊದಲ ದಿನ ದಿಗಂಬರನ ಕೈ ತಡಕಾಡಿತ್ತು. ಹಿಂದಿನಿಂದ ವೈಜಿನಾಥನ ಕೈ ಬಂದು ಅವನ ಕೈಯ ಮೇಲೆ ಕೂತಿತು. “ಕಣ್ಣಿನ ಆಸೆ ಬಿಡೋ. ಬೆರಳಿಗೆ ಕಲಸು.” ಎರಡು ಕೈಯೂ ಕೂಡಿಯೇ ಫಿಲ್ಮನ್ನು ಔಷಧದ ನೀರಿಗೆ ಇಳಿಸಿದವು. ಯಾರದೋ ಪಕ್ಕೆಲುಬು ಮೆಲ್ಲಗೆ ಬೆಳ್ಳಗಾಗಿ ಮೇಲೆ ಬಂದಾಗ ದಿಗಂಬರ ಉಸಿರು ಬಿಡುವುದನ್ನೇ ಮರೆತಿದ್ದ.

ಇಬ್ಬರಿಗೂ ಒಂದೊಂದು ಬಿಲ್ಲೆ ಇತ್ತು, ದಿಗಂಬರನದು ಎರಡನೇ ನಂಬರು. ಅದರೊಳಗೆ ಕಪ್ಪು ಕಾಗದದಲ್ಲಿ ಸುತ್ತಿದ ಬೆರಳಗಲದ ಫಿಲ್ಮು. ತೊಟ್ಟವನ ಮೈಗೆ ಎಷ್ಟು ಕಿರಣ ಬಡಿಯುತ್ತದೋ ಅಷ್ಟು ಆ ಫಿಲ್ಮು ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಅದು ಬೊಂಬಾಯಿಗೆ ಹೋಗುತ್ತಿತ್ತು. ಅಲ್ಲಿ ಅದರ ಹಿಂದೆ ದೀಪ ಹಿಡಿದು, ಬೆಳಕು ಎಷ್ಟು ದಾಟಿತು ಎಂದು ಯಂತ್ರದಲ್ಲಿ ಅಳೆದು, ಯಾರಿಗೆ ಎಷ್ಟು ಕಿರಣ ತಗುಲಿತು ಎಂದು ಬರೆದು ಕಳಿಸುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವವರು ಎಂದು ದಿಗಂಬರನಿಗೆ ಬೊಂಬಾಯಿಯವರ ಮೇಲೆ ಭಕ್ತಿಯೇ ಇತ್ತು.

“ಒಳಗ ಹಾಕ್ಕೊಂಡು ಹೋಗಬ್ಯಾಡ,” ಎಂದಿದ್ದ ವೈಜಿನಾಥ. “ಔಷಧದ ನೀರು ಸಿಡದ್ರ ಫಿಲ್ಮು ಕೆಡ್ತದ. ಮುಂಜಾನೆ ಬಂದಕೂಡಲೇ ನನ್ನ ಮೇಜಿನ ಕಡೆ ಮೊಳಿಗೆ ಹಾಕು.”

ಕೆಲಸ ಮುಗಿಯುವ ತನಕ ಬಿಲ್ಲೆ ಮೈಮೇಲೆ ಇರಬೇಕು ಎಂದು ಅಚ್ಚಾದ ಕಾಗದದಲ್ಲಿ ಬರೆದಿತ್ತು. ದಿಗಂಬರ ಅದನ್ನು ಎರಡು ಸಲ ಓದಿದ್ದ. ಆದರೆ ಕಾಗದಕ್ಕಿಂತ ಉಸ್ತಾದನಿಗೆ ಹೆಚ್ಚು ಗೊತ್ತು ಅಂದುಕೊಂಡ. ತಾನು ಕತ್ತಲೆ ಕೋಣೆ ಹೊಕ್ಕರೆ ಊಟಕ್ಕೇ ಹೊರಬರುವುದು. ಅಷ್ಟರಲ್ಲಿ ಬಿಲ್ಲೆ ಮೊಳೆಯ ಮೇಲೇ ಇರುತ್ತಿತ್ತು.

ಎಪ್ಪತ್ತರಲ್ಲಿ ಬೊಂಬಾಯಿಯಿಂದ ಆ ಕಾಗದ ಬಂತು. ಒಂದನೇ ನಂಬರಿಗೆ ಏನೂ ಇಲ್ಲ. ಎರಡನೇ ನಂಬರಿಗೆ ನಾಲ್ಕು ವರ್ಷದ ಲೆಕ್ಕ ಕೂಡಿ ಮಿತಿಯ ಐದು ಪಟ್ಟು. ಆ ಮನುಷ್ಯನನ್ನು ಕೂಡಲೇ ಕಿರಣದ ಕೆಲಸದಿಂದ ದೂರ ಇಡಬೇಕು. ದಿಗಂಬರನ ರಕ್ತ ಪರೀಕ್ಷೆಯಲ್ಲಿ ದೋಷ ಸಿಗಲಿಲ್ಲ. ಆದರೂ ಡಾಕ್ಟರು ಅವನನ್ನು ಮೂರು ತಿಂಗಳು ಚೀಟಿ ಬರೆಯುವ ಮೇಜಿಗೆ ಕೂಡಿಸಿದರು. ಆ ಮೂರು ತಿಂಗಳಲ್ಲಿ ಸುದ್ದಿ ರಾಜೇಶ್ವರ ಮುಟ್ಟಿತು. ಅಲ್ಲಿಯ ತುಳಜಾರಾಮನ ಮಗಳು ಯಶೋದಾಳೊಂದಿಗೆ ದಿಗಂಬರನ ಮದುವೆ ಗೊತ್ತಾಗಿತ್ತು. ಕಿರಣ ಹೊಡೆದ ಗಂಡು, ಮಕ್ಕಳಾಗುವುದಿಲ್ಲ, ಹೆಚ್ಚು ದಿನ ಬದುಕುವುದಿಲ್ಲ ಎಂದು ಹೆಣ್ಣಿನ ಕಡೆಯವರು ಹಿಂದೆ ಸರಿದರು. ವೈಜಿನಾಥ ತಾನೇ ರಾಜೇಶ್ವರಕ್ಕೆ ಹೋಗಿ ಬಂದ. “ಎಷ್ಟು ಹೇಳಿದ್ರೂ ಕೇಳಲಿಲ್ಲೋ,” ಎಂದ. ತನಗಾಗಿ ಅಷ್ಟು ದೂರ ಹೋಗಿ ಬಂದನಲ್ಲ ಎಂದು ದಿಗಂಬರ ಅವನ ಕಾಲು ಮುಟ್ಟಿದ್ದ.

ಆಮೇಲೆ ಯಾವ ಊರಿನವರೂ ಹೆಣ್ಣು ಕೊಡಲಿಲ್ಲ. ಕತ್ತಲೆ ಕೋಣೆಯಲ್ಲಿದ್ದವನಿಗೆ ಕಿರಣ ಎಲ್ಲಿಂದ ಬಡಿಯಿತು? ಮೊಳೆಯ ಮೇಲಿನ ಬಿಲ್ಲೆ ತಾನಾಗಿ ಅಷ್ಟು ಕಪ್ಪಾಗದು, ಹೊರಗೆ ಬಂದು ತಾನು ತೊಟ್ಟ ಹೊತ್ತಿನಲ್ಲೇ ಏನೋ ಆಗಿರಬೇಕು. ಯಾವತ್ತೋ ಬಾಗಿಲು ಬೇಗ ತೆರೆದೆನೆ? ಮಷೀನು ನಡೆದಿದ್ದಾಗ ಗೋಡೆಗೆ ಒರಗಿ ನಿಂತಿದ್ದೆನೆ? ಹನ್ನೆರಡು ವರ್ಷ ಅವನು ತನ್ನ ತಪ್ಪನ್ನು ಹುಡುಕಿದ್ದ.

*

“ಅವರ ಎದಿ ಮ್ಯಾಲಿಂದು ನಿಂದು,” ಎಂದಳು ಗಯಾಬಾಯಿ. “ಎರಡನೇ ನಂಬರಿಂದು, ಅಂಕಿ ಒಳಮುಖ ಮಾಡಿ ಹಾಕ್ಕೊಳ್ತಿದ್ರು. ಎದಿ ಮ್ಯಾಲೆ ಬಿಲ್ಲೆ ಇಲ್ಲಂದ್ರ ಡಾಕ್ಟರ ಬೈತಿದ್ರು. ತನ್ನ ನಂಬರ್ ಕಪ್ಪಾದ್ರ ಮಷೀನ್ ಮುಟ್ಟಗೊಡಂಗಿಲ್ಲ ಅಂತ ಅಂಜಿಕಿ. ನೀ ಕತ್ತಲಿ ಕೋಣ್ಯಾಗ ಇರಾಂವ, ನಿಂದು ಖಾಲಿ ಇರೂದು, ಸ್ವಲ್ಪ ಏರಿದ್ರ ಯಾರು ಕೇಳ್ತಾರ ಅಂದ್ಕೊಂಡಿದ್ರು. ಅಷ್ಟು ಏರ್ತದಂತ ಗೊತ್ತಿರಲಿಲ್ಲ. ಆ ಕಾಗದ ಬಂದ ಮ್ಯಾಲೆ ನಿಂದು ಮುಟ್ಟಲಿಲ್ಲ. ಎರಡು ದಿನ ಊಟ ಮಾಡಲಿಲ್ಲ.”

“ನಿಮಗ ಅವಾಗಿಂದ ಗೊತ್ತಿತ್ತು.”

“ಹೂಂ.”

“ಹಬ್ಬಕ್ಕ ಕರೆದು ಹೋಳಿಗಿ ಹಾಕ್ತಿದ್ರಿ. ‘ಇವಂಗೊಂದು ಹೆಣ್ಣು ಸಿಗವಲ್ದು’ ಅಂತ ಮಂದಿ ಮುಂದ ಕಣ್ಣೀರು ತಗೀತಿದ್ರಿ.”

“ಆ ನೀರು ಸುಳ್ಳಲ್ಲಪ್ಪ.”

“ಅವರಿಗೆ ಬಾಯಿ ಇರಲಿಲ್ಲೇನು ವೈನಿ? ಮೂರು ತಿಂಗಳು ನನ್ನ ಹೆಗಲ ಮ್ಯಾಲೆ ತಲಿ ಇಟ್ಟಿದ್ರು. ಕಿವಿ ಬಾಜೂಕ ಇತ್ತು.”

ಗಯಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತೆಗೆದಳು. “ಹೋದ ಸೋಮವಾರ ನನಗ ಹೇಳಿದ್ರು. ‘ಬೆಂಕಿ ಹಿಡಿಯೂಕಿಂತ ಮುಂಚೆ ಅವಂಗ ತಿಳಸು. ತಿಳೀದೇ ಹಿಡದ್ರ ಅದೂ ಇನ್ನೊಂದು ಮೋಸ ಆಗ್ತದ’ ಅಂತ. ಇನ್ನ ನೀ ಹಿಡೀತಿಯೋ ಬಿಡ್ತಿಯೋ. ಬ್ಯಾಡಂದ್ರ ಪಾಂಡುರಂಗ ಇದ್ದಾನ. ನಾ ಏನೂ ಅನ್ನಂಗಿಲ್ಲ.”

ಹೊರಗೆ ಪಾಂಡುರಂಗ ಕೂಗಿದ. “ಬಿಸಿಲು ಏರಾಕತ್ತದ! ಒಳಗ ಏನು ಮಾತುಕತಿ?”

*

ದಿಗಂಬರ ಕೆಂಡದ ಗಡಿಗೆ ಹಿಡಿದು ಮುಂದೆ ನಡೆದ. ಓಣಿಯ ಜನರ ಮುಂದೆ ಅದನ್ನು ಬಿಟ್ಟುಕೊಟ್ಟರೆ ನೂರು ಪ್ರಶ್ನೆ. ಸ್ಮಶಾನದಲ್ಲಿ ಪಾಂಡುರಂಗನಿಗೆ ಕೊಟ್ಟುಬಿಡುವುದು ಎಂದು ಅವನು ತೀರ್ಮಾನಿಸಿದ್ದ. ಹೆಜ್ಜೆಗೊಮ್ಮೆ ಆ ತೀರ್ಮಾನವನ್ನು ಮತ್ತೆ ಮಾಡುತ್ತಿದ್ದ. ಹೆದ್ದಾರಿ ದಾಟುವಾಗ ಲಾರಿಗಳು ನಿಂತವು. ಒಬ್ಬ ಡ್ರೈವರ್ ಕೆಳಗಿಳಿದು ಕೈ ಮುಗಿದ. “ನಮ್ಮಪ್ಪಂದು ಪಕಡಿ ಎಲುಬಿನ ಫೋಟೋ ಇವರ ತೆಗದಿದ್ರು,” ಎಂದು ಅವನು ಯಾರಿಗೋ ಹೇಳುವುದು ಕೇಳಿಸಿತು.

ಕಟ್ಟಿಗೆ ಒಟ್ಟಿ, ದೇಹವಿಟ್ಟು, ಎದೆಯ ಮೇಲೆ ಸಗಣಿ ಕುಳ್ಳು ಜೋಡಿಸಿದರು. ದಿಗಂಬರ ಗಡಿಗೆಯನ್ನು ಪಾಂಡುರಂಗನ ಕಡೆ ಚಾಚಿದ.

“ನೀವು ಹಿಡೀರಿ.”

“ಹಾಂ? ಮುಂಜಾನೆ ಅಷ್ಟು ಹೇಳಿದ್ರೂ ಕೇಳಲಿಲ್ಲ, ಈಗ...” ಪಾಂಡುರಂಗ ಧೋತರ ಮೇಲೆ ಕಟ್ಟಿ ಗಡಿಗೆ ತೆಗೆದುಕೊಂಡ. “ಯಾಕ, ಏನಾತು?”

ಎಲ್ಲರೂ ನೋಡುತ್ತಿದ್ದರು. ಹೇಳಬೇಕಾದ ಮಾತು ದಿಗಂಬರನ ನಾಲಿಗೆಯ ಮೇಲೆಯೇ ಇತ್ತು. ಒಂದೇ ಮಾತು ಸಾಕಿತ್ತು. ಅಂಬುಬಾಯಿಯ ಸತ್ಯವಂತ ಅಲ್ಲಿಯೇ ಬೀಳುತ್ತಿದ್ದ. ಅಷ್ಟರಲ್ಲಿ ಕಟ್ಟಿಗೆ ಜರುಗಿ ಹೆಣದ ಬಲಗೈ ಬಟ್ಟೆಯಿಂದ ಹೊರಗೆ ಜಾರಿತು. ಉಗುರು ಸೀಳಿದ್ದವು. ಬೆರಳ ತುದಿಯ ಚರ್ಮ ಸುಟ್ಟ ರೊಟ್ಟಿಯ ಅಂಚಿನಂತೆ ಕಪ್ಪಾಗಿ ಬಿರಿದಿತ್ತು. ಬಿಲ್ಲೆ ಯಾರ ಹೆಸರಿನದಿದ್ದರೇನು, ಈ ಕೈಯನ್ನು ಯಾವ ಮೊಳೆಗೂ ಹಾಕಿ ಹೋಗಲು ಆಗಿರಲಿಲ್ಲ.

ಖಾಜಾ ಆ ಕೈ ಎತ್ತಿ ಒಳಗಿಡಲು ಬಗ್ಗಿದ. ದಿಗಂಬರ ಅವನನ್ನು ತಡೆದು ತಾನೇ ಎತ್ತಿಟ್ಟ. ತಣ್ಣಗಿತ್ತು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ಅವನು ಗಡಿಗೆಯನ್ನು ಪಾಂಡುರಂಗನಿಂದ ಕಿತ್ತುಕೊಂಡು ಮೂರು ಸುತ್ತು ಬಂದು, ಕೆಂಡವನ್ನು ಕಟ್ಟಿಗೆಯ ಸಂದಿಗೆ ಸುರಿದ.

ಬೆಂಕಿ ಹತ್ತಿದ ಮೇಲೆ ಸ್ನಾನ ಮಾಡಿದ. ಮನೆಗೆ ಹೋಗಿ ದೀಪ ನೋಡಬೇಕು ಎಂದು ಪಾಂಡುರಂಗ ಕರೆಯುತ್ತಲೇ ಇದ್ದ. ದಿಗಂಬರ ಒದ್ದೆ ಧೋತರದಲ್ಲಿಯೇ ಹೆದ್ದಾರಿಗೆ ಬಂದು ರಾಜೇಶ್ವರದ ಮೇಲೆ ಹೋಗುವ ಕಲ್ಯಾಣದ ಬಸ್ಸಿಗೆ ಕೈ ಮಾಡಿದ.

*

ತುಳಜಾರಾಮ ಮನೆಯ ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದ. ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಹೆಸರು ಹೇಳಿದ ಮೇಲೆ ಮೊರ ಕೆಳಗಿಟ್ಟ.

“ಫೋಟೋ ದವಾಖಾನಿ ಹುಡುಗ ಅಲ್ಲೇನು? ಒಳಗ ಬಾ. ಯಾಕ ಹೊರಗ ನಿಂತಿ?”

“ನನ್ನ ರಕ್ತದಾಗ ಏನೂ ಇರಲಿಲ್ರಿ,” ಎಂದ ದಿಗಂಬರ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅದೊಂದೇ ಉಳಿದಿತ್ತು. “ಆ ಕಾಗದ ನಂದಲ್ಲ. ನನ್ನ ಬಿಲ್ಲೆ ಬ್ಯಾರೇದವರು ಹಾಕ್ಕೊಂಡಿದ್ರು. ಇವತ್ತು ಗೊತ್ತಾತು.”

ಮುದುಕ ತೊಗರಿಯಿಂದ ಒಂದು ಹರಳು ಆರಿಸಿ ಎಸೆದ.

“ನಿಮ್ಮ ಉಸ್ತಾದ ಅವತ್ತು ಬಂದು ಇದನ್ನ ಹೇಳಿದ್ದ. ‘ಹುಡುಗನ ರಕ್ತ ಚೊಕ್ಕ ಅದ’ ಅಂತ. ‘ಹಂಗಾರ ಬೊಂಬಾಯಿ ಕಾಗದ ಸುಳ್ಳೇನು?’ ಅಂತ ಕೇಳಿದೆ. ನೆಲ ನೋಡ್ಕೊಂತ ಕುಂತ. ಮಾರಿ ಮ್ಯಾಲೆ ಬೆವರು ಇಳ್ಯಾಕತ್ತಿತ್ತು. ನಿನ್ನ ಮ್ಯಾಲಿನ ಪ್ರೀತಿಗಾಗಿ ಸುಳ್ಳು ಹೇಳಾಕ ಬಂದಾನ, ಪಾಪ, ಹೇಳಾಕ ಬರವಲ್ದು ಅಂದ್ಕೊಂಡೆ. ಅದಕ್ಕ ಒಲ್ಲೆ ಅಂದೆ.” ಮೊರವನ್ನು ಬದಿಗೆ ಸರಿಸಿದ. “ಯಶೋದಾ ಔರಾದಿನಾಗ ಅದಾಳ. ಮೂರು ಮಕ್ಕಳು.”

ದಿಗಂಬರ ತಲೆಯಾಡಿಸಿದ.

“ಒಳಗ ಬಾರಪ್ಪ. ಬಿಸಿಲಾಗ ನಿಂತಿ.”

“ಬರಾಂಗಿಲ್ರಿ. ಸೂತಕದಾಗ ಇದ್ದೇನಿ.”

“ಯಾರು ತೀರ್ಕೊಂಡ್ರು?”

ದಿಗಂಬರ ಬಾಯಿ ತೆರೆದ. ಹೆಸರು ಹೇಳಬೇಕೆಂದಿದ್ದ. “ಅಣ್ಣ,” ಎಂದ.

ತುಳಜಾರಾಮ ತಾನೇ ಎದ್ದು ತಂಬಿಗೆಯಲ್ಲಿ ನೀರು ತಂದ. ಹೊಸ್ತಿಲ ಒಳಗೇ ನಿಂತು, ತೋಳು ಉದ್ದ ಮಾಡಿ, ಮೈಗೆ ಮೈ ತಾಕದಂತೆ ಎತ್ತರದಿಂದ ನೀರು ಬಿಟ್ಟ. ದಿಗಂಬರ ಹೊರಗೆ ಬಗ್ಗಿ ಬೊಗಸೆ ಒಡ್ಡಿದ. ಬೊಗಸೆ ತುಂಬಿತು. ಅವನು ಕುಡಿಯಲಿಲ್ಲ. ಮುದುಕ ಬಿಡುತ್ತಲೇ ಇದ್ದ. ನೀರು ಬೆರಳ ಸಂದಿಯಿಂದ ಮೊಣಕೈಗೆ ಇಳಿದು, ಹೊಸ್ತಿಲ ಕಲ್ಲಿನ ಹೊರಗೆ ಧೂಳಿನಲ್ಲಿ ಸಣ್ಣದೊಂದು ಕುಳಿ ತೋಡುತ್ತಿತ್ತು.